ಎಸ್ಸೆಸ್ಸೆಲ್ಸಿ ಪಾಸಾದವರ ಸಂಬಳ

1980ರ ಡಿಸೆಂಬರ್ 26ರಂದು ಬೆಂಗಳೂರಿನ ಐದು ದೊಡ್ಡ ಕಾರ್ಖಾನೆಗಳಲ್ಲಿ ಕೆಲಸ ನಿಂತಿತು. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್. ಐದೂ ಕೇಂದ್ರ ಸರ್ಕಾರದವು. ಬೇರೆ ಊರುಗಳ ಘಟಕಗಳನ್ನೂ ಸೇರಿಸಿದರೆ ಸುಮಾರು 1.25 ಲಕ್ಷ ಮಂದಿ ಮುಷ್ಕರಕ್ಕೆ ಇಳಿದಿದ್ದರು. ಸಂಕ್ರಾಂತಿ ಬಂದು ಹೋಯಿತು, ಶಿವರಾತ್ರಿಯೂ ಹೋಯಿತು. ಮಾರ್ಚ್‌ನಲ್ಲಿ ಮುಷ್ಕರ ಮುಗಿಯುವ ಹೊತ್ತಿಗೆ 77 ದಿನ ಕಳೆದಿತ್ತು.

ಇವರ ಜಗಳ ಯಾವ ಸೇಠನ ಮೇಲೂ ಅಲ್ಲ. ಖಾಸಗಿಯವರು ಹೆಚ್ಚು ಕೊಡುತ್ತಾರೆ, ನಮಗೂ ಅಷ್ಟೇ ಕೊಡಿ ಎಂದೂ ಕೇಳಿರಲಿಲ್ಲ. ಅವರು ಬೊಟ್ಟು ಮಾಡಿ ತೋರಿಸಿದ್ದು ಇನ್ನೊಂದು ಸರ್ಕಾರಿ ಕಂಪನಿಯನ್ನು. ಬಿಎಚ್‌ಇಎಲ್‌ನವರಿಗೆ ಸಿಕ್ಕ ಸಂಬಳ ನಮಗೂ ಸಿಗಬೇಕು ಎಂಬುದಷ್ಟೇ ಬೇಡಿಕೆ. ಬಿಎಚ್‌ಇಎಲ್ ದೂರದ ಹೆಸರೇನೂ ಆಗಿರಲಿಲ್ಲ, ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಅದರ ಘಟಕವಿತ್ತು. ಒಂದೇ ಊರು, ಒಂದೇ ಮಾಲೀಕ, ಬಹುಮಟ್ಟಿಗೆ ಒಂದೇ ಓದು. ಆದರೂ ಸಂಬಳದ ಚೀಟಿ ಬೇರೆ.

ಸ್ವಾತಂತ್ರ್ಯ ಬಂದ ಮೇಲೆ ಈ ದೇಶದಲ್ಲಿ ಹತ್ತನೇ ತರಗತಿ ಪಾಸಾದವರ ದುಡಿಮೆಗೆ ಬೆಲೆ ಕಟ್ಟಿದ್ದು ಹೇಗೆ, ಸರ್ಕಾರಿ ಗೇಟಿನ ಒಳಗೆ ಎಷ್ಟು, ಹೊರಗೆ ಎಷ್ಟು ಎಂಬ ಕಥೆಯಲ್ಲಿ ಈ 77 ದಿನಗಳು ನಟ್ಟನಡುವಿನ ಅಧ್ಯಾಯ. ಕಥೆ ಶುರುವಾಗುವುದು 1948ರಲ್ಲಿ.

ಆ ವರ್ಷ ಎರಡು ಸಂಗತಿಗಳು ನಡೆದವು. ಬೆಂಗಳೂರಿನ ಪೂರ್ವಕ್ಕೆ, ಮುಂದೆ ದೂರವಾಣಿನಗರ ಎಂದು ಹೆಸರಾದ ಜಾಗದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ, ಹುಟ್ಟಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಅದು. ಅದೇ ವರ್ಷ ದೆಹಲಿಯಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. ಕಾಯ್ದೆ ಬಂದದ್ದು ಸಂಘ ಕಟ್ಟಿ ಚೌಕಾಸಿ ಮಾಡುವ ಬಲ ಇಲ್ಲದವರಿಗಾಗಿ. ಬೀಡಿ ಕಟ್ಟುವವರು, ಅಕ್ಕಿ ಗಿರಣಿಯವರು, ತೋಟದ ಕೂಲಿಗಳಂಥವರಿಗೆ ಇದಕ್ಕಿಂತ ಕಡಿಮೆ ಕೊಡಬಾರದು ಎಂದು ಅದು ಒಂದು ಕೆಳಗೆರೆ ಎಳೆಯಿತು. ಕಾರ್ಖಾನೆಯಲ್ಲಿ ಸರ್ಕಾರ ತಾನೇ ಮಾಲೀಕನಾಗಿ ಕೂತಿತು. ಸರ್ಕಾರವೆಂದರೆ ಮಾದರಿ ಮಾಲೀಕ, ಉಳಿದವರು ಅದನ್ನು ನೋಡಿ ಕಲಿಯಬೇಕು ಎಂಬುದು ಆ ಕಾಲದ ನಂಬಿಕೆ. ನ್ಯಾಯಯುತ ವೇತನ ಸಮಿತಿ ಆ ದಿನಗಳಲ್ಲೇ ವೇತನವನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿತು: ಉಸಿರು ಹಿಡಿಯಲು ಸಾಕಾಗುವ ಕನಿಷ್ಠ ವೇತನ, ಉದ್ದಿಮೆಯ ಶಕ್ತಿಗೆ ತಕ್ಕ ನ್ಯಾಯಯುತ ವೇತನ, ಮನುಷ್ಯ ಮರ್ಯಾದೆಯಿಂದ ಬಾಳಲು ಬೇಕಾದ ಜೀವನ ವೇತನ. ಜೀವನ ವೇತನ ಎರಡೇ ವರ್ಷದಲ್ಲಿ ಸಂವಿಧಾನದ 43ನೇ ವಿಧಿಯೊಳಗೆ ಸೇರಿ ಪೂಜ್ಯವಾಯಿತು, ಪೂಜ್ಯವಾಗಿಯೇ ಉಳಿಯಿತು. ಮಾದರಿ ಮಾಲೀಕ ಕೊಟ್ಟದ್ದಕ್ಕೂ ಕಾಯ್ದೆ ಎಳೆದ ಕೆಳಗೆರೆಗೂ ನಡುವೆ ಬಿದ್ದ ಅಂತರವೇ ಮುಂದಿನ ಎಪ್ಪತ್ತು ವರ್ಷಗಳ ರಾಜಕೀಯ.

ಬೆಂಗಳೂರಿಗೆ ಸರ್ಕಾರಿ ಕಾರ್ಖಾನೆ ಹೊಸದೇನಲ್ಲ. ಮೈಸೂರು ಸಂಸ್ಥಾನ ಸಾಬೂನು ಮಾಡಿತ್ತು, ಗಂಧದೆಣ್ಣೆ ತೆಗೆದಿತ್ತು, ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿತ್ತು. 1940ರಲ್ಲಿ ವಾಲಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಲು ಬಂದಾಗ ಜಾಗವೂ ಬಂಡವಾಳವೂ ಸಂಸ್ಥಾನದಿಂದ ದೊರೆತವು. ಆದರೆ ಐವತ್ತರ ದಶಕದಲ್ಲಿ ಬಂದದ್ದರ ಅಳತೆಯೇ ಬೇರೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಎರಡೂ ಜಾಲಹಳ್ಳಿಯ ಕಡೆ. 1964ರಲ್ಲಿ ಬಿಇಎಂಎಲ್. ಊರಿನ ಸುತ್ತ ಕಾರ್ಖಾನೆ, ಅದಕ್ಕೆ ಅಂಟಿಕೊಂಡು ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಮೈದಾನ, ಸೊಸೈಟಿ ಅಂಗಡಿ. ಬೆಳಗಿನ ಜಾವ ನಗರದ ಮೂಲೆಮೂಲೆಯಿಂದ ಕಾರ್ಮಿಕರನ್ನು ಹೊತ್ತು ಬರುವ ಫ್ಯಾಕ್ಟರಿ ಬಸ್ಸುಗಳು.

ಈ ಕಾರ್ಖಾನೆಗಳಿಗೆ ಬೇಕಿದ್ದದ್ದು ಎಂಜಿನಿಯರುಗಳು ಕೆಲವರು, ಕೈಕೆಲಸದವರು ಬಹಳ. ಆ ಕೈಗಳು ನಕ್ಷೆ ಓದಬೇಕು, ಮೈಕ್ರೋಮೀಟರ್ ಹಿಡಿಯಬೇಕು, ಇಂಗ್ಲಿಷಿನಲ್ಲಿರುವ ಜಾಬ್ ಕಾರ್ಡ್ ನೋಡಿ ಅರ್ಥ ಮಾಡಿಕೊಳ್ಳಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿ ಪಾಸಾದವರು ಬೇಕಾದರು. ಎಸ್ಸೆಸ್ಸೆಲ್ಸಿಯ ಮೇಲೆ ಕೈಗಾರಿಕಾ ತರಬೇತಿ ಸಂಸ್ಥೆಯ (ಐಟಿಐ) ಎರಡು ವರ್ಷದ ತರಬೇತಿ ಇದ್ದರೆ ಇನ್ನೂ ಒಳ್ಳೆಯದು. (ಐಟಿಐ ಓದಿ ಐಟಿಐ ಸೇರಿದ ಎಂದರೆ ಬೆಂಗಳೂರಿನಲ್ಲಿ ಯಾರಿಗೂ ಗೊಂದಲವಾಗುತ್ತಿರಲಿಲ್ಲ.) ತುಮಕೂರು, ಕೋಲಾರ, ಮಂಡ್ಯದ ಕಡೆಯ ಹುಡುಗರು ಬಂದರು. ತಮಿಳುನಾಡು, ಕೇರಳ, ಆಂಧ್ರದಿಂದಲೂ ಬಂದರು. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮುಗಿಸಿದವರು ಅವರಲ್ಲಿ ಧಾರಾಳ. ಹೊಲವಿದ್ದೂ ನೀರಿಲ್ಲದ ಮನೆಯ ಹುಡುಗನಿಗೆ ತಿಂಗಳು ಮುಗಿದ ಕೂಡಲೇ ಎಣಿಸಿ ಕೊಡುವ ಸಂಬಳ ಎಂದರೆ ಏನೆಂದು ವಿವರಿಸಬೇಕಿಲ್ಲ.

ಹುಡುಗಿಯರೂ ಬಂದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರ ಮಾಡಲು ತೊಡಗಿತು. ಕೂದಲಿನಷ್ಟು ಸಣ್ಣ ಸ್ಪ್ರಿಂಗು, ಸಾಸಿವೆಗಿಂತ ಚಿಕ್ಕ ಸ್ಕ್ರೂ ಕೂರಿಸುವ ಜೋಡಣೆ ವಿಭಾಗಕ್ಕೆ ಎಳೆ ಹರೆಯದ ಹೆಣ್ಣುಮಕ್ಕಳನ್ನು ತೆಗೆದುಕೊಂಡರು. ಬಿಇಎಲ್‌ನ ಜೋಡಣೆ ಸಾಲುಗಳಲ್ಲೂ ಐಟಿಐನ ಟೆಲಿಫೋನ್ ವಿಭಾಗಗಳಲ್ಲೂ ಹೀಗೆಯೇ. ಅಲ್ಲಿಯವರೆಗೆ ಎಸ್ಸೆಸ್ಸೆಲ್ಸಿ ಓದಿದ ಹುಡುಗಿಗೆ ಇದ್ದ ದಾರಿಗಳು ಟೀಚರ್, ನರ್ಸ್, ಟೈಪಿಸ್ಟ್ ಎಂಬ ಮೂರೇ. ನಾಲ್ಕನೆಯದನ್ನು ತೆರೆದದ್ದು ಸಾರ್ವಜನಿಕ ಉದ್ದಿಮೆ. ಗಂಡಸಿಗೆ ಕೊಡುವ ವೇತನ ಶ್ರೇಣಿಯೇ ಹೆಂಗಸಿಗೂ. ಖಾಸಗಿಯಲ್ಲಿ ಹೀಗೆಂದು ಹೇಳುವ ಧೈರ್ಯ ಆಗ ಹೆಚ್ಚು ಕಡೆ ಇರಲಿಲ್ಲ.

ಹಾಗೆಂದು ಖಾಸಗಿಯೆಲ್ಲ ಕಡಿಮೆ, ಸರ್ಕಾರಿಯೆಲ್ಲ ಹೆಚ್ಚು ಎಂದು ತಿಳಿಯಬಾರದು. ಆಡುಗೋಡಿಯ ಮೈಕೋ ಜರ್ಮನಿಯ ಬಾಷ್ ಕಂಪನಿಯ ಪಾಲಿದ್ದ ಖಾಸಗಿ ಕಾರ್ಖಾನೆ. ಅಲ್ಲಿನ ಸಂಬಳಕ್ಕೆ ಸಾರ್ವಜನಿಕ ಉದ್ದಿಮೆಯವರೂ ಆಸೆಪಟ್ಟು ನೋಡುತ್ತಿದ್ದರು. ಇನ್ನೊಂದು ತುದಿಯಲ್ಲಿ ಮಿನರ್ವ ಮಿಲ್ ಇತ್ತು. ಮಾಲೀಕರು ನಡೆಸಲಾರದೆ ಕೆಟ್ಟ ಆ ಬಟ್ಟೆ ಗಿರಣಿಯನ್ನು ಸರ್ಕಾರ 1971ರಲ್ಲಿ ವಶಕ್ಕೆ ತೆಗೆದುಕೊಂಡು 1974ರಲ್ಲಿ ರಾಷ್ಟ್ರೀಕರಿಸಿತು. ಅದರ ಹೆಸರು 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಕಾನೂನು ಓದುವವರ ಬಾಯಲ್ಲಿ ಇಂದಿಗೂ ಇದೆ, ಆದರೆ ಅದರ ಮಗ್ಗದ ಮುಂದೆ ನಿಂತವರ ಸಂಬಳ ರಾಷ್ಟ್ರೀಕರಣದಿಂದ ಎಚ್‌ಎಎಲ್‌ನ ಸಂಬಳವಾಗಲಿಲ್ಲ. ಸರ್ಕಾರ ಮಾಲೀಕನಾದರೂ ಗಿರಣಿಯ ಕೂಲಿ ಗಿರಣಿಯ ಕೂಲಿಯೇ. ಎಂಜಿನಿಯರಿಂಗ್ ಕಾರ್ಖಾನೆಗೆ ಕೊಡುವ ಶಕ್ತಿ ಇತ್ತು, ಕೊಳ್ಳುವವನೂ ಸರ್ಕಾರವೇ ಆಗಿದ್ದ. ಟೆಲಿಫೋನ್ ಇಲಾಖೆ ಐಟಿಐನಿಂದ ಕೊಳ್ಳುತ್ತಿತ್ತು, ವಾಯುಪಡೆ ಎಚ್‌ಎಎಲ್‌ನಿಂದ. ಬೆಲೆ ಹೆಚ್ಚಾದರೆ ಬೇರೆ ಅಂಗಡಿಗೆ ಹೋಗುವ ಗಿರಾಕಿ ಇರಲಿಲ್ಲ.

ಮೂರನೆಯ ಬೆಂಗಳೂರೂ ಒಂದಿತ್ತು. ರಾಜಾಜಿನಗರದ ಕೈಗಾರಿಕಾ ವಸಾಹತು, ಆಮೇಲೆ ಪೀಣ್ಯ. ಇಪ್ಪತ್ತು, ಮೂವತ್ತು ಜನರ ವರ್ಕ್‌ಶಾಪುಗಳು ದೊಡ್ಡ ಕಾರ್ಖಾನೆಗೆ ಬೇಕಾದ ಬಿಡಿಭಾಗ ಮಾಡಿ ಕೊಡುತ್ತಿದ್ದವು. ಅಲ್ಲಿ ಲೇತ್ ಮುಂದೆ ನಿಂತ ಹುಡುಗನದೂ ಎಸ್ಸೆಸ್ಸೆಲ್ಸಿಯೇ, ಅವನು ಕತ್ತರಿಸುತ್ತಿದ್ದ ಕಬ್ಬಿಣ ಕೊನೆಗೆ ಸೇರುತ್ತಿದ್ದದ್ದು ಅದೇ ದೊಡ್ಡ ಕಾರ್ಖಾನೆಯ ಯಂತ್ರಕ್ಕೆ. ಸಂಬಳ ಮಾತ್ರ ಅದರ ಒಂದು ಭಾಗ. ಪಿ.ಎಫ್., ಇಎಸ್‌ಐ ಇದ್ದರೆ ಪುಣ್ಯ. ಗ್ರಾಚ್ಯುಟಿ, ಕ್ಯಾಂಟೀನು, ಕ್ವಾರ್ಟರ್ಸು ಕೇಳಲೇಬಾರದು.

ಬ್ರಿಟಿಷ್ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಾಂ ಬೆಂಗಳೂರಿನ ಕಾರ್ಮಿಕರ ನಡುವೆ ಓಡಾಡಿ 1976ರಲ್ಲಿ ಒಂದು ಪುಸ್ತಕ ಬರೆದರು. ಕಾರ್ಖಾನೆಯ ಕಾಯಂ ನೌಕರಿ ಒಂದು ಕೋಟೆ ಎಂದರು ಅವರು. ಒಳಗೆ ಹೋದವರು ಭದ್ರ, ಹೊರಗಿರುವವರು ಬಾಗಿಲು ತೆರೆದೀತೆಂದು ಕಾಯುತ್ತಿರುವವರು. 1984ರ ಪುಸ್ತಕದಲ್ಲಿ ಅವರೇ ಆ ಮಾತನ್ನು ತಿದ್ದಿಕೊಂಡರು: ಒಳಗೂ ಹೊರಗೂ ನಡುವೆ ಇರುವುದು ಗೋಡೆ ಅಲ್ಲ, ಇಳಿಜಾರು. ವಿದ್ವಾಂಸರಿಗೆ ಎರಡನೆಯದೇ ಸರಿ ಎನಿಸಿರಬಹುದು. ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವನನ್ನು ಕೇಳಿದ್ದರೆ ಮೊದಲನೆಯದನ್ನೇ ಹೇಳುತ್ತಿದ್ದ ಎಂದು ನನಗೆ ಅನ್ನಿಸುತ್ತದೆ.

ಕೋಟೆಯೊಳಗೆ ಹೋದವರ ಕಣ್ಣು ಯಾವತ್ತೂ ಮೇಲಿನ ಮೆಟ್ಟಿಲಿನ ಮೇಲೆ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ, ಸಂಬಳದ ಚೌಕಾಸಿ ನಡೆಯುವುದೇ ಹಾಗೆ. ರಾಜ್ಯ ಸರ್ಕಾರದ ಗುಮಾಸ್ತ ಕೇಂದ್ರದ ಗುಮಾಸ್ತನನ್ನು ನೋಡಿದ. ಕೇಂದ್ರದವನು ಬ್ಯಾಂಕು, ಎಲ್‌ಐಸಿಯತ್ತ ನೋಡಿದ. ರೈಲ್ವೆಯವನು ಸಾರ್ವಜನಿಕ ಉದ್ದಿಮೆಯತ್ತ ನೋಡಿದ, ಉದ್ದಿಮೆಗಳವರು ಒಬ್ಬರನ್ನೊಬ್ಬರು ನೋಡಿದರು. 1957ರಲ್ಲಿ ದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅಗತ್ಯ ಆಧಾರಿತ ವೇತನಕ್ಕೆ ಒಂದು ಲೆಕ್ಕ ಹಾಕಿಕೊಟ್ಟಿತ್ತು. ದುಡಿಯುವವನು, ಹೆಂಡತಿ, ಇಬ್ಬರು ಮಕ್ಕಳು ಎಂದರೆ ಮೂರು ಪಾಲು. ಒಂದೊಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ. ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಮೇಲೆ ಮನೆ ಬಾಡಿಗೆ, ಸೌದೆ, ದೀಪ. ಸರ್ಕಾರದ ಪ್ರತಿನಿಧಿಗಳೂ ಕೂತು ಒಪ್ಪಿದ ಲೆಕ್ಕ ಇದು. ಆದರೆ ಎರಡನೇ ವೇತನ ಆಯೋಗ ತಳದ ನೌಕರನಿಗೆ 80 ರೂಪಾಯಿ ಸಾಕೆಂದಿತು. ಸಮ್ಮೇಳನದ ಲೆಕ್ಕವನ್ನೇ ಹಿಡಿದು 1960ರ ಜುಲೈನಲ್ಲಿ ಕೇಂದ್ರ ನೌಕರರು ಐದು ದಿನ ಮುಷ್ಕರ ಹೂಡಿದರು, ಸೋತರು.

1974ರ ರೈಲ್ವೆ ಮುಷ್ಕರ ಈ ಹೋಲಿಕೆಯ ಜಗಳದ ದೊಡ್ಡ ರೂಪ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅದರ ಮುಂದಾಳು. ರೈಲ್ವೆಯವರ ಪಟ್ಟಿಯಲ್ಲಿ ಮುಖ್ಯವಾಗಿ ಇದ್ದದ್ದು ಬೋನಸ್ಸು ಮತ್ತು ಸಾರ್ವಜನಿಕ ಉದ್ದಿಮೆಗಳಿಗೆ ಸಮನಾದ ಸಂಬಳ. ರೈಲು ಓಡಿಸುವವನಿಗಿಂತ ರೈಲಿಗೆ ಬಿಡಿಭಾಗ ಮಾಡುವ ಕಾರ್ಖಾನೆಯವನು ಹೆಚ್ಚು ಪಡೆಯುವುದೇಕೆ ಎಂಬ ಪ್ರಶ್ನೆಗೆ ದೆಹಲಿಯ ಬಳಿ ಉತ್ತರ ಇರಲಿಲ್ಲ, ಪೊಲೀಸರಿದ್ದರು. ಮೇ 8ಕ್ಕೆ ಮುಷ್ಕರ ಶುರುವಾಗುವ ಮೊದಲೇ ಜಾರ್ಜ್ ಬಂಧನವಾಯಿತು. ಮೇ 27ಕ್ಕೆ ಎಲ್ಲ ಮುಗಿಯಿತು. ಎರಡು ತಿಂಗಳಲ್ಲಿ ಹೊಸ ಕಾನೂನು ಬಂದು, ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯ ಠೇವಣಿಯಾಗಿ ಹಿಡಿದಿಟ್ಟುಕೊಳ್ಳುವ ಏರ್ಪಾಡಾಯಿತು.

ತುಟ್ಟಿಭತ್ಯೆಯ (ಡಿಎ) ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕೇಳಲು ಬೇಸರದ ಸಂಗತಿ, ಆದರೆ ಎಸ್ಸೆಸ್ಸೆಲ್ಸಿ ನೌಕರನ ಭಾಗ್ಯ ಬರೆದದ್ದು ಮೂಲ ವೇತನಕ್ಕಿಂತ ಹೆಚ್ಚಾಗಿ ಇದೇ. ಸಾರ್ವಜನಿಕ ಉದ್ದಿಮೆಗಳಲ್ಲಿ ಡಿಎ ಲೆಕ್ಕ ಹಾಕುತ್ತಿದ್ದದ್ದು ಬೆಲೆ ಸೂಚ್ಯಂಕದ ಪಾಯಿಂಟಿಗೆ ಇಂತಿಷ್ಟು ರೂಪಾಯಿ ಎಂದು. ಎಪ್ಪತ್ತರ ದಶಕದ ಕೊನೆಗೆ ಆ ದರ ಪಾಯಿಂಟಿಗೆ 1 ರೂಪಾಯಿ 30 ಪೈಸೆ. ಸೂಚ್ಯಂಕ ಹತ್ತು ಪಾಯಿಂಟ್ ಏರಿದರೆ ಹೆಲ್ಪರನಿಗೂ 13 ರೂಪಾಯಿ, ಅವನಿಗಿಂತ ನಾಲ್ಕು ದರ್ಜೆ ಮೇಲಿನ ಕುಶಲಿಗೂ 13 ರೂಪಾಯಿ. ಬೆಲೆ ಏರಿದಷ್ಟೂ ಕೆಳಗಿನವನ ಸಂಬಳ ಮೇಲಿನವನ ಸಂಬಳಕ್ಕೆ ಹತ್ತಿರವಾಗುತ್ತಾ ಹೋಯಿತು. ಖಾಸಗಿ ಸಣ್ಣ ಕಾರ್ಖಾನೆಯಲ್ಲಿ ಇಂಥ ಕೊಂಡಿಯೇ ಇರಲಿಲ್ಲ. ಬೆಲೆ ಏರಿದರೆ ಅಲ್ಲಿನವನ ಸಂಬಳ ಸವೆಯುತ್ತಿತ್ತು, ಅಷ್ಟೇ. ಹತ್ತು ವರ್ಷ ಹಣದುಬ್ಬರ ನಡೆದರೆ ಸಾಕು, ಯಾರೂ ಕೂತು ತೀರ್ಮಾನಿಸದೆಯೇ ಒಳಗಿನ ಹೆಲ್ಪರಿಗೂ ಹೊರಗಿನ ಹೆಲ್ಪರಿಗೂ ಅಂತರ ಹಿಗ್ಗುತ್ತಿತ್ತು. ಮೇಲ್ದರ್ಜೆಯಲ್ಲಿ ಇದರ ತಿರುಗುಮುರುಗು. ಸರ್ಕಾರಿ ಎಂಜಿನಿಯರು ಖಾಸಗಿ ಎಂಜಿನಿಯರಿಗಿಂತ ಹಿಂದೆ ಬಿದ್ದ.

ಈಗ ಮುಷ್ಕರಕ್ಕೆ ಬರೋಣ. 1979ರಲ್ಲಿ ಬರ ಬಂತು, ಪೆಟ್ರೋಲಿನ ಬೆಲೆ ಏರಿತು, ಎಲ್ಲದರ ಬೆಲೆಯೂ ಏರಿತು. ಕಾರ್ಖಾನೆಗಳ ಸಂಘಗಳು ಅಷ್ಟು ಹೊತ್ತಿಗೆ ಜಂಟಿ ಕ್ರಿಯಾ ರಂಗ ಎಂಬ ಒಕ್ಕೂಟ ಕಟ್ಟಿಕೊಂಡಿದ್ದವು. ಬಾವುಟದ ಬಣ್ಣ ಬೇರೆಬೇರೆಯಾಗಿದ್ದ ಸಂಘಗಳು ಒಂದೇ ಮೇಜಿಗೆ ಬಂದದ್ದು ಸಣ್ಣ ಸಾಧನೆಯಲ್ಲ. ಎದುರು ಪಕ್ಷ ಒಂದಾಗಿರಲಿಲ್ಲ: ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ರಕ್ಷಣಾ ಸಚಿವಾಲಯಕ್ಕೆ ಸೇರಿದ್ದವು, ಐಟಿಐ ಸಂಪರ್ಕ ಸಚಿವಾಲಯಕ್ಕೆ, ಎಚ್‌ಎಂಟಿ ಕೈಗಾರಿಕೆಗೆ. ಆದರೆ ಸಂಬಳದ ಹಗ್ಗ ಇವರ್ಯಾರ ಕೈಯಲ್ಲೂ ಇರಲಿಲ್ಲ. ಅದನ್ನು ಹಿಡಿದದ್ದು ದೆಹಲಿಯ ಸಾರ್ವಜನಿಕ ಉದ್ದಿಮೆಗಳ ಬ್ಯೂರೋ. ಮ್ಯಾನೇಜ್‌ಮೆಂಟಿನವರು ಬೆಂಗಳೂರಿನಲ್ಲಿ ಮಾತಿಗೆ ಕೂರುತ್ತಿದ್ದರು, ಹೌದು ಅನ್ನುವ ಅಧಿಕಾರ ದೆಹಲಿಯಲ್ಲಿತ್ತು.

1978ರ ಒಪ್ಪಂದದಲ್ಲೇ ಬಿಎಚ್‌ಇಎಲ್ ಜೊತೆ ಸಮಾನತೆಯ ಮಾತು ಅಡಗಿದೆ ಎಂಬುದು ಸಂಘಗಳ ವಾದ. ಬಿಎಚ್‌ಇಎಲ್‌ನಲ್ಲಿ ಹೊಸ ವೇತನ ಒಪ್ಪಂದವಾದಾಗ ಇವರು ಕೊಟ್ಟ ಮಾತು ನಡೆಸಿ ಎಂದು ಕೇಳಿದರು. ಹಾಗೆ ಯಾವ ಮಾತನ್ನೂ ಕೊಟ್ಟಿಲ್ಲ ಎಂದಿತು ಎದುರು ಪಕ್ಷ. ದೆಹಲಿಯ ಭಯವೂ ಸುಳ್ಳಲ್ಲ. ಐದು ಕಂಪನಿಗೆ ಕೊಟ್ಟರೆ ಐವತ್ತು ಕಂಪನಿ ಕೇಳುತ್ತವೆ, ಆಮೇಲೆ ರೈಲ್ವೆ, ಆಮೇಲೆ ಅಂಚೆ.

ಬೆಂಗಳೂರಿನಲ್ಲಿ ಆಗ ಆರ್. ಗುಂಡೂರಾವ್ ಮುಖ್ಯಮಂತ್ರಿ. 1980ರ ಜುಲೈನಲ್ಲಷ್ಟೇ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಆ ರೈತರು ಎದ್ದದ್ದು ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರದ ವಿರುದ್ಧ. ಒಂದೇ ವರ್ಷ, ಒಂದೇ ಸರ್ಕಾರ, ಎರಡು ದೊಡ್ಡ ಚಳವಳಿ, ಆದರೆ ಒಂದಕ್ಕೊಂದು ಕೈ ಕೊಡಲಿಲ್ಲ. ಕಾರ್ಮಿಕರಲ್ಲಿ ಅರ್ಧಕ್ಕರ್ಧ ಮಂದಿ ರೈತರ ಮಕ್ಕಳೇ. ಆದರೂ ಹಳ್ಳಿಯಲ್ಲಿ ಕೂತವರಿಗೆ ತಿಂಗಳ ಸಂಬಳದವನು ಇನ್ನೂ ಹೆಚ್ಚು ಕೇಳುತ್ತಾನೆ ಎಂಬುದು ಹೊಟ್ಟೆಗೆ ಇಳಿಯುವ ಮಾತಾಗಿರಲಿಲ್ಲ. ಈ ಒಂಟಿತನವೇ ಮುಷ್ಕರವನ್ನು ಸೋಲಿಸಿತು ಎಂದು ನನ್ನ ಎಣಿಕೆ. ಪೀಣ್ಯದ ವರ್ಕ್‌ಶಾಪಿನ ಹುಡುಗನಿಗೆ ಈ ಮುಷ್ಕರದಲ್ಲಿ ಏನಿತ್ತು? ದೊಡ್ಡ ಕಾರ್ಖಾನೆ ನಿಂತರೆ ಅವನ ಮಾಲೀಕನಿಗೆ ಆರ್ಡರ್ ನಿಂತಿತು, ಅವನಿಗೆ ದಿನಗೂಲಿ ನಿಂತಿತು. ಅವನ ಕನಿಷ್ಠ ವೇತನದ ಬಗ್ಗೆ ಬೇಡಿಕೆ ಪಟ್ಟಿಯಲ್ಲಿ ಒಂದು ಸಾಲು ಇದ್ದಿದ್ದರೆ ಬೀದಿಯ ಲೆಕ್ಕ ಬೇರೆಯಾಗುತ್ತಿತ್ತೇನೋ.

ಒಳಗಿನವರ ಕಷ್ಟ ಸುಳ್ಳೆಂದಲ್ಲ. ಎರಡೂವರೆ ತಿಂಗಳು ಸಂಬಳವಿಲ್ಲ. ಸೈಟಿಗೆ ಸೊಸೈಟಿ ಸಾಲ ಮಾಡಿದವರಿದ್ದರು, ಚೀಟಿ ಕಟ್ಟುವವರಿದ್ದರು, ತಂಗಿಯ ಮದುವೆ ಗೊತ್ತು ಮಾಡಿಕೊಂಡವರಿದ್ದರು. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಎಷ್ಟು ದಿನ ತಡೆದೀತು? ಗೇಟಿನ ಮುಂದೆ ಸಭೆಗಳು ನಡೆದವು, ಮೆರವಣಿಗೆ ಹೋದವು, ಬಂಧನಗಳಾದವು. ಮಾರ್ಚ್‌ನಲ್ಲಿ ಅವರು ಒಳಗೆ ಹೋದಾಗ ಬಿಎಚ್‌ಇಎಲ್ ಸಮಾನತೆ ಸಿಕ್ಕಿರಲಿಲ್ಲ. ಅಷ್ಟು ದಿನದ ಸಂಬಳವೂ ಹೋಗಿತ್ತು. ಜುಲೈನಲ್ಲಿ ಅಗತ್ಯ ಸೇವೆಗಳ ನಿರ್ವಹಣೆಯ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಅದು ಕಾಯ್ದೆಯಾಯಿತು. ಇಂದು ಸಾರಿಗೆ ನೌಕರರು ಮುಷ್ಕರ ಎಂದ ಕೂಡಲೇ ಪತ್ರಿಕೆಯಲ್ಲಿ ಕಾಣುವ ‘ಎಸ್ಮಾ’ ಎಂಬ ಹೆಸರು ಇಂಥ ಕಾಯ್ದೆಗಳದ್ದೇ. 1982ರ ಜನವರಿಯಲ್ಲಿ ಮುಂಬೈಯ ಬಟ್ಟೆ ಗಿರಣಿಗಳ ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತ್ ಹಿಂದೆ ಹೊರಬಂದರು. ಅವರು ಮತ್ತೆ ಒಳಗೆ ಹೋಗಲೇ ಇಲ್ಲ ಎಂದರೂ ತಪ್ಪಾಗದು.

ಸೋತ ಮೇಲೂ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಯವರ ಸಂಬಳ ಇಳಿಯಲಿಲ್ಲ. ಮುಂದಿನ ಒಪ್ಪಂದಗಳಲ್ಲಿ ಅದು ಏರುತ್ತಲೇ ಹೋಯಿತು, ಡಿಎ ದರವೂ ಏರಿತು. ಇಳಿದದ್ದು ನೇಮಕಾತಿ. ಎಂಬತ್ತರ ದಶಕ ಕಳೆಯುತ್ತಿದ್ದಂತೆ ಕಾರ್ಖಾನೆಗಳ ಬಾಗಿಲಲ್ಲಿ ‘ಎಸ್ಸೆಸ್ಸೆಲ್ಸಿ ಪಾಸಾದವರು ಬೇಕಾಗಿದ್ದಾರೆ’ ಎಂಬ ಮಾತು ಅಪರೂಪವಾಯಿತು. ಕ್ಯಾಂಟೀನು, ತೋಟ, ಸಾಗಣೆ, ಕಾವಲು ಒಂದೊಂದಾಗಿ ಗುತ್ತಿಗೆಗೆ ಹೋದವು. 1988ರಲ್ಲಿ ಸಾರ್ವಜನಿಕ ಉದ್ದಿಮೆಗಳಿಗೆ ಸ್ವಯಂ ನಿವೃತ್ತಿ ಯೋಜನೆ ಬಂತು. ಯಾರನ್ನೂ ಕಿತ್ತುಹಾಕಲಿಲ್ಲ, ಹೋದವರ ಜಾಗಕ್ಕೆ ಯಾರನ್ನೂ ತರಲಿಲ್ಲ. ಸಂಘಗಳು ಸಂಬಳ ಕಾಯುತ್ತಿದ್ದವು, ಹುದ್ದೆ ಹಿಂಬಾಗಿಲಿನಿಂದ ಹೋಯಿತು.

ಇಷ್ಟರಲ್ಲಿ ಬಾಗಿಲ ಹೊರಗೆ ಕಾಯುವವರ ಸಾಲು ಉದ್ದವಾಗಿತ್ತು, ಆ ಸಾಲಿನಲ್ಲಿ ಮುಂದೆ ಯಾರು ನಿಲ್ಲಬೇಕು ಎಂಬ ಜಗಳ ಶುರುವಾಗಿತ್ತು. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು. ರಾಜ್ಯದಲ್ಲಿರುವ ಕೇಂದ್ರ ಉದ್ದಿಮೆಗಳ ಸಿ ಮತ್ತು ಡಿ ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೇ ಸಿಗಬೇಕು ಎಂಬುದು ಅದರ ಶಿಫಾರಸು. ವರದಿಯ ಮೇಲೆ ಭಾಷಣಗಳಾದವು, ಧರಣಿಗಳಾದವು. ಅದು ಪಾಲು ಕೇಳಿದ ಹುದ್ದೆಗಳು ಮಾತ್ರ ಆಗಲೇ ಕರಗುತ್ತಿದ್ದವು. ಕನ್ನಡ ಸಂಘಟನೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಿದವರು ಕಡಿಮೆ.

ಎಚ್‌ಎಂಟಿಯ ಕತೆಯನ್ನು ಎಲ್ಲರೂ ಗಡಿಯಾರದ ಕತೆಯಾಗಿ ಹೇಳುತ್ತಾರೆ. ಅದು ಸಂಬಳದ ಕತೆಯೂ ಹೌದು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಟೈಟನ್ ಕಟ್ಟಿದವು. ಕಾರ್ಖಾನೆ ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್ ದೂರದ ಹೊಸೂರಿನಲ್ಲಿ. ಗಡಿಯಾರ ಮಾಡಬಲ್ಲವರು ಎಚ್‌ಎಂಟಿಯಿಂದ ಹೋದರು. ಯಂತ್ರದ ಮುಂದೆ ಕೂರಲು ಸುತ್ತಮುತ್ತಲ ಜಿಲ್ಲೆಗಳ ಹಳ್ಳಿಗಳಿಂದ ಹನ್ನೆರಡನೇ ತರಗತಿ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತಂದು ತರಬೇತಿ ಕೊಟ್ಟರು. ಜಾಲಹಳ್ಳಿ ಇಪ್ಪತ್ತು ವರ್ಷ ಹಿಂದೆ ಮಾಡಿದ್ದನ್ನೇ ಖಾಸಗಿ ಕಂಪನಿ ಹೊಸೂರಿನಲ್ಲಿ ಮಾಡಿತು. ತೊಂಬತ್ತರ ದಶಕದ ನಂತರ ಸಾರ್ವಜನಿಕ ಉದ್ದಿಮೆಗಳ ವೇತನ ಪರಿಷ್ಕರಣೆಗೆ ಲಾಭದ ಷರತ್ತು ಬಂತು. ಲಾಭ ಮಾಡುವ ಕಂಪನಿ ಏರಿಸಬಹುದು, ನಷ್ಟದ್ದು ಹಳೆಯ ಶ್ರೇಣಿಯಲ್ಲೇ ಇರಬೇಕು. ಹೀಗೆ ಬಿಇಎಲ್, ಎಚ್‌ಎಎಲ್ ಮುಂದೆ ಹೋದವು, ಎಚ್‌ಎಂಟಿ, ಐಟಿಐ ಹಿಂದೆ ಉಳಿದವು. ಮುಷ್ಕರ ಕೇಳಿದ್ದ ಸಮಾನತೆಯ ಹೆಣ ಬಿದ್ದದ್ದು 1981ರಲ್ಲಿ ಅಲ್ಲ, ಇಲ್ಲಿ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ, ಉಳಿದಿದ್ದ ನೌಕರರ ನಿವೃತ್ತಿ ಪರಿಹಾರವನ್ನು 2007ರ ವೇತನ ಶ್ರೇಣಿ ಇದ್ದಂತೆ ಭಾವಿಸಿ ಲೆಕ್ಕ ಹಾಕುವುದಾಗಿ ಹೇಳಿತು. ಅವರು ಕೆಲಸದಲ್ಲಿದ್ದಾಗ ಕಾಣದ ಶ್ರೇಣಿಯನ್ನು ಮನೆಗೆ ಕಳಿಸುವಾಗ ಕಾಗದದ ಮೇಲೆ ಕೊಟ್ಟರು.

2016 ಇನ್ನೂ ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಆ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ, ಮೈಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದು ಎಂಬ ಕೇಂದ್ರದ ಆದೇಶ ಅವರನ್ನು ಎಬ್ಬಿಸಿತ್ತು. ಹಿಂದೆ ದೊಡ್ಡ ಸಂಘವಿಲ್ಲ, ಮುಂದೆ ಹೆಸರಾಂತ ನಾಯಕರಿಲ್ಲ. ಎರಡೇ ದಿನದಲ್ಲಿ ಆದೇಶ ವಾಪಸಾಯಿತು. 77 ದಿನದಲ್ಲಿ ಐದು ಬಲಿಷ್ಠ ಸಂಘಗಳಿಗೆ ಆಗದ್ದು ಇವರಿಗೆ ಎರಡು ದಿನದಲ್ಲಿ ಆಯಿತು ಎಂದು ಹಿಗ್ಗಬಹುದು. ಆದರೆ ಇವರು ಗೆದ್ದದ್ದು ತಮ್ಮದೇ ಉಳಿತಾಯದ ದುಡ್ಡನ್ನು. ಸಂಬಳ ತಿಂಗಳಿಗೆ ಏಳೆಂಟು ಸಾವಿರದ ಸುತ್ತಲೇ ಉಳಿಯಿತು. ಇವರಲ್ಲೂ ಎಸ್ಸೆಸ್ಸೆಲ್ಸಿಯವರೆಗೆ ಓದಿದವರು ಬಹಳ ಮಂದಿ. ಐವತ್ತು ವರ್ಷ ಮೊದಲು ಹುಟ್ಟಿದ್ದರೆ ಜಾಲಹಳ್ಳಿಯಲ್ಲಿ ಗಡಿಯಾರ ಜೋಡಿಸುತ್ತಿದ್ದವರು.

ಜೂನ್ ತಿಂಗಳ ಕೊನೆಗೆ ಏಳನೇ ವೇತನ ಆಯೋಗದ ಶಿಫಾರಸಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಕೇಂದ್ರದ ತಳದ ನೌಕರನಿಗೆ ತಿಂಗಳಿಗೆ 18,000 ರೂಪಾಯಿ, ತುದಿಯ ಕಾರ್ಯದರ್ಶಿಗೆ 2,25,000. ತಳಕ್ಕೂ ತುದಿಗೂ ಹನ್ನೆರಡೂವರೆ ಪಟ್ಟು ಅಂತರ. ಖಾಸಗಿ ಕಂಪನಿಗಳಲ್ಲಿ ಈ ಅಂತರ ನೂರು ಪಟ್ಟು ದಾಟುವುದೂ ಉಂಟು. ಈ ಆಯೋಗ ಅಹಮದಾಬಾದಿನ ಐಐಎಂನಿಂದ ಒಂದು ಅಧ್ಯಯನ ಮಾಡಿಸಿತ್ತು. ಸರ್ಕಾರದ ತಳದ ದರ್ಜೆಯ ಸಹಾಯಕನಿಗೆ ಆಗ ಎಲ್ಲ ಸೇರಿ ಸಿಗುತ್ತಿದ್ದದ್ದು 22,579 ರೂಪಾಯಿ. ಅದೇ ಕೆಲಸಕ್ಕೆ ಖಾಸಗಿಯಲ್ಲಿ 8,000ದಿಂದ 9,500. ಮೇಲಕ್ಕೆ ಹೋದಂತೆ ತಕ್ಕಡಿ ಖಾಸಗಿಯ ಕಡೆ ವಾಲುತ್ತದೆ. ಆರನೇ ಆಯೋಗದ ಕಾಲಕ್ಕೇ ಡಿ ದರ್ಜೆ ರದ್ದಾಗಿ, ತಳದ ಹುದ್ದೆಗೂ ಹತ್ತನೇ ತರಗತಿ ಅಥವಾ ಐಟಿಐ ಕಡ್ಡಾಯವಾಗಿತ್ತು. 1950ರಲ್ಲಿ ಗುಮಾಸ್ತನನ್ನು ಮಾಡುತ್ತಿದ್ದ ಎಸ್ಸೆಸ್ಸೆಲ್ಸಿ ಈಗ ಕಡತ ಹೊರುವವನ ಕನಿಷ್ಠ ಅರ್ಹತೆ. ಆ ಹುದ್ದೆಗೆ ಅರ್ಜಿ ಹಾಕುವವರು ಪದವೀಧರರು.

ಈ ಅಂಕಿ ಹಿಡಿದುಕೊಂಡು ಸರ್ಕಾರಿ ನೌಕರರಿಗೆ ಅತಿಯಾಗಿ ಕೊಡುತ್ತಿದ್ದಾರೆ ಎನ್ನುವವರಿದ್ದಾರೆ. ನನಗೆ ಅದು ತಲೆಕೆಳಗಾದ ಓದು ಅನ್ನಿಸುತ್ತದೆ. 22 ಸಾವಿರದಲ್ಲಿ ನಗರದಲ್ಲಿ ಮನೆ ಬಾಡಿಗೆ ಕಟ್ಟಿ ಇಬ್ಬರು ಮಕ್ಕಳನ್ನು ಓದಿಸುವುದು ಐಷಾರಾಮವಲ್ಲ. 1957ರ ಕಾರ್ಮಿಕ ಸಮ್ಮೇಳನದ ಲೆಕ್ಕ ಸುಮಾರಾಗಿ ಕೇಳಿದ್ದು ಅಷ್ಟನ್ನೇ. ನಾಚಿಕೆ ಪಡಬೇಕಾದ ಅಂಕಿ 8,000ದ್ದು.

ಮೇಲಿನ ಮೆಟ್ಟಿಲು ನೋಡುವ ಚಾಳಿ ಮಾತ್ರ ಹೋಗಿಲ್ಲ. 2019ರ ಅಕ್ಟೋಬರ್ 14ರಿಂದ ಎಚ್‌ಎಎಲ್ ಕಾರ್ಮಿಕರು ಮತ್ತೆ ಮುಷ್ಕರ ಹೂಡಿದರು. ಈ ಸಲ ಹೋಲಿಕೆಗೆ ಬಿಎಚ್‌ಇಎಲ್ ಬೇಕಾಗಲಿಲ್ಲ, ತಮ್ಮದೇ ಕಂಪನಿಯ ಅಧಿಕಾರಿಗಳಿಗೆ ಕೊಟ್ಟ ಪ್ರಮಾಣದಲ್ಲಿ ತಮಗೂ ಕೊಡಿ ಎಂದರು. ಒಂದು ವಾರದ ನಂತರ ಹೈಕೋರ್ಟ್ ಆದೇಶ ಬಂದು ಕೆಲಸಕ್ಕೆ ಮರಳಿದರು. 2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದ ದಿನವೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು. 2024ರ ಆಗಸ್ಟ್‌ನಿಂದ ರಾಜ್ಯದ ತಳದ ನೌಕರನ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಅದೇ ಕಚೇರಿಯ ಅದೇ ಕಾರಿಡಾರಿನಲ್ಲಿ ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಇದ್ದಾಳೆ, ಚಾಲಕ ಇದ್ದಾನೆ. ಅವರಿಗೆ ಈ ಆದೇಶದ ಪ್ರತಿ ಬರಲಿಲ್ಲ.

ತಾತ್ಕಾಲಿಕ ನೌಕರ ಕಾಯಂ ನೌಕರನ ಕೆಲಸವನ್ನೇ ಮಾಡುತ್ತಿದ್ದರೆ ಅವನಿಗೂ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದ್ದು 2016ರ ಅಕ್ಟೋಬರ್‌ನಲ್ಲಿ. ಎಂಟನೇ ಕೇಂದ್ರ ವೇತನ ಆಯೋಗ ಈಗ ನೇಮಕವಾಗಿದೆ. ಸಾರ್ವಜನಿಕ ಉದ್ದಿಮೆ ಮತ್ತು ಖಾಸಗಿ ವಲಯದ ಸಂಬಳವನ್ನು ಹೋಲಿಸಿ ನೋಡುವುದೂ ಅದರ ಕೆಲಸಗಳಲ್ಲಿ ಒಂದು. ಹೋಲಿಸಲಿ. ಆದರೆ ಖಾಸಗಿಯ 8,000 ಕಂಡುಬಂದಾಗ ಅದನ್ನು ಸರ್ಕಾರದ ಸಂಬಳ ತಗ್ಗಿಸಲು ಸಾಕ್ಷಿಯಾಗಿ ಬಳಸದೆ, ಕನಿಷ್ಠ ವೇತನ ನಿಗದಿ ಮಾಡುವವರ ಮೇಜಿನ ಮೇಲೆ ಇಡಲಿ. ನೌಕರರ ಸಂಘಗಳೂ ಮುಂದಿನ ಬೇಡಿಕೆ ಪಟ್ಟಿಯಲ್ಲಿ ತಮ್ಮ ಪಕ್ಕದ ಕುರ್ಚಿಯ ಹೊರಗುತ್ತಿಗೆಯವರ ಸಂಬಳವನ್ನು ಮೊದಲ ಸಾಲಿನಲ್ಲಿ ಬರೆಯಲಿ.